ಹೀಬ್ರೂ ‘ತ್ಸೇಲ್’ ಅಂದ್ರೆ ನೆರಳು. ಹಾಗಾದ್ರೆ 23ನೇ ಕೀರ್ತನೇಲಿ ಇರೋದು ನೆರಳಾ, ಕತ್ತಲಾ?

ತುಂಗೆ_ದಡ
ಎಲ್ರಿಗೂ ನಮಸ್ಕಾರ. ಹೋದ ವಾರ ನನ್ನ ಗೆಳೆಯನ ತಂದೆ ತೀರ್ಕೊಂಡ್ರು. ಮಣ್ಣಿಗೆ ಹೋಗಿದ್ದೆ. ಪಾದ್ರಿಗಳು ಕೈಲಿದ್ದ ಹಳೇ ಕನ್ನಡ ಬೈಬಲ್‌ನಿಂದ 23ನೇ ಕೀರ್ತನೆ ಓದಿದ್ರು, ಅದ್ರಲ್ಲಿ ‘ಕಾರ್ಗತ್ತಲಿನ ಕಣಿವೆ’ ಅಂತ ಬಂತು. ಆದ್ರೆ ನಮ್ಮ ಕೈಗೆ ಕೊಟ್ಟಿದ್ದ ಕಾರ್ಡಲ್ಲಿ ಅದೇ ಸಾಲು ‘ಮರಣದ ನೆರಳಿನ ಕಣಿವೆ’ ಅಂತ ಅಚ್ಚಾಗಿತ್ತು. ಈಗ ಸಮಾಧಿ ಕಲ್ಲಿನ ಮೇಲೆ ಆ ಸಾಲು ಕೆತ್ತಿಸ್ಬೇಕು ಅಂತ ಮನೆಯವ್ರ ಆಸೆ, ಯಾವ್ದನ್ನ ಕೆತ್ತಿಸೋದು ಅಂತ ಗೆಳೆಯ ನನ್ನ ಕೇಳ್ದ. ಕಲ್ಲು ಕೆತ್ತೋರು ಶನಿವಾರದ ಒಳಗೆ ಬರ್ದು ಕೊಡಿ ಅಂದಿದಾರೆ.
ನಾನು ಕ್ರಿಶ್ಚಿಯನ್ ಅಲ್ಲ, ಹೀಬ್ರೂನೂ ಬರಲ್ಲ. ಹುಡುಕಿದಾಗ ಹೀಬ್ರೂನಲ್ಲಿ ನೆರಳಿಗೆ ‘ತ್ಸೇಲ್’ ಅಂತಾರೆ, ಸಾವಿಗೆ ‘ಮಾವೆತ್’ ಅಂತಾರೆ, ಆ ಕೀರ್ತನೇಲಿ ಇರೋ ಪದ ‘ತ್ಸಲ್ಮಾವೆತ್’ ಅಂತ ಗೊತ್ತಾಯ್ತು. ಹಾಗಿದ್ಮೇಲೆ ಮರಣದ ನೆರಳು ಅನ್ನೋದೇ ಸರಿ ಅಲ್ವಾ? ಕಾರ್ಗತ್ತಲು ಅಂತ ಯಾಕೆ ಬರೆದ್ರು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಪದದ_ಬೆನ್ನೇರಿ
ಗೆಳೆಯರ ತಂದೆಯವರ ವಿಷಯ ಕೇಳಿ ಬೇಜಾರಾಯ್ತು. ನಾನು ನಾಲ್ಕು ವರ್ಷ ಬೈಬಲ್ ಹೀಬ್ರೂ ಓದಿದೀನಿ, ಈ ಪದದ ಹಿಂದೆ ತುಂಬಾ ದಿನ ಬಿದ್ದಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.
ಮೊದ್ಲು ಬರೀ ‘ತ್ಸೇಲ್’ ನೋಡೋಣ. ಇಂಗ್ಲಿಷ್ನಲ್ಲಿ ಮರದಡಿ ಸಿಗೋ ತಂಪಿಗೆ ಒಂದು ಪದ, ಗೋಡೆ ಮೇಲೆ ಬೀಳೋ ಕಪ್ಪು ಆಕಾರಕ್ಕೆ ಇನ್ನೊಂದು ಪದ. ಹೀಬ್ರೂನಲ್ಲಿ ಎರಡಕ್ಕೂ ತ್ಸೇಲ್ ಒಂದೇ, ನಮ್ಮ ‘ನೆರಳು’ ಇದ್ದ ಹಾಗೇ. ಹಾಗಾಗಿ ಇಂಗ್ಲಿಷ್ ಬದಿಗಿಟ್ಟು ನೇರ ಕನ್ನಡದಿಂದ ನೋಡಿದ್ರೆ ಈ ಪದ ನಮಗೆ ಬೇಗ ಅರ್ಥ ಆಗುತ್ತೆ. ಹೀಬ್ರೂ ಬೈಬಲ್‌ನಲ್ಲಿ ತ್ಸೇಲ್ ಎಲ್ಲೆಲ್ಲಿ ಬರುತ್ತೋ ಬಹುಪಾಲು ಕಡೆ ಅದು ಆಸರೆ. 121ನೇ ಕೀರ್ತನೇಲಿ ದೇವರು ನಿನ್ನ ಬಲಗೈ ಪಕ್ಕದ ತ್ಸೇಲ್. 17, 36, 57, 63 ಈ ಕೀರ್ತನೆಗಳಲ್ಲಿ ದೇವರ ರೆಕ್ಕೆಗಳ ತ್ಸೇಲ್. 91ರಲ್ಲಿ ಸರ್ವಶಕ್ತನ ತ್ಸೇಲ್‌ನಲ್ಲಿ ತಂಗೋದು. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಲೋಟ ಅನ್ನೋನು ತನ್ನ ಮನೆಗೆ ಬಂದ ಅತಿಥಿಗಳನ್ನ ಊರಿನ ಗುಂಪಿಂದ ಕಾಪಾಡೋವಾಗ, ಇವ್ರು ನನ್ನ ಮನೆ ತೊಲೆಯ ತ್ಸೇಲ್ ಕೆಳಗೆ ಬಂದಿದಾರೆ ಅಂತಾನೆ. ಯೋಬನ ಪುಸ್ತಕದ 7ನೇ ಅಧ್ಯಾಯದಲ್ಲಿ ದಿನವೆಲ್ಲಾ ದುಡಿದ ಆಳು ಯಾವಾಗ ತ್ಸೇಲ್ ಬೀಳುತ್ತೋ ಅಂತ ಬಾಯಿ ಬಿಟ್ಕೊಂಡು ಕಾಯ್ತಾನೆ. ಹೊಲದಲ್ಲಿ ಕೆಲಸ ಮಾಡಿದೋರಿಗೆ ಇದನ್ನ ವಿವರಿಸಿ ಹೇಳೋದೇ ಬೇಡ. ಬಿಸಿಲಿನ ನಾಡಿನ ಪದ ಅದು.
ಇದಕ್ಕೆ ತಿರುಗುಮುರುಗಾಗಿ, ಆಸರೆ ಹೋಯ್ತು ಅನ್ನೋಕೂ ಇದೇ ಪದ. ಬೈಬಲ್‌ನ ಅರಣ್ಯಕಾಂಡ ಅನ್ನೋ ಪುಸ್ತಕದ 14ರಲ್ಲಿ, ಆ ನಾಡಿನ ಜನಕ್ಕೆ ಹೆದರಬೇಡಿ, ಅವರ ತ್ಸೇಲ್ ಅವರ ಮೇಲಿಂದ ಸರಿದು ಹೋಗಿದೆ ಅಂತ ಬರುತ್ತೆ. ಕಾಯೋರು ಯಾರೂ ಇಲ್ಲ ಅಂತ ಅರ್ಥ.
ಇನ್ನೊಂದು ಬಳಕೆ ಕ್ಷಣಿಕ ಅನ್ನೋದಕ್ಕೆ. ಮನುಷ್ಯನ ದಿನಗಳು ಹಾದುಹೋಗೋ ತ್ಸೇಲ್ ಥರ ಅಂತ 144ನೇ ಕೀರ್ತನೆ. ಸಂಜೆ ಉದ್ದ ಆಗ್ತಾ ಹೋಗೋ ನೆರಳುಗಳ ಬಗ್ಗೆ ಯೆರೆಮೀಯ ಬರೀತಾನೆ. ಅಲ್ಲೂ ಭಯ ಅಷ್ಟಾಗಿ ಇಲ್ಲ, ಹೊತ್ತು ಜಾರಿತು ಅನ್ನೋ ಸಂಕಟ ಇದೆ.
ಇಷ್ಟು ತಂಪಾದ, ಆಪ್ತವಾದ ಪದ ಒಂದೇ ಒಂದು ಕಡೆ ಭಯ ಹುಟ್ಟಿಸೋ ಹಾಗೆ ಕಾಣುತ್ತೆ, ಅದು ತ್ಸಲ್ಮಾವೆತ್. ಅಲ್ಲೇ ನನಗೆ ಅನುಮಾನ ಶುರುವಾಗಿದ್ದು. ಅದು ನಿಜವಾಗ್ಲೂ ತ್ಸೇಲ್ ಸೇರಿ ಆದ ಪದಾನಾ ಅಂತ. ಊಟ ಮುಗ್ಸಿ ಬಂದು ಮುಂದಿಂದು ಬರೀತೀನಿ.

ಕುಡ್ಲದಿಂದ_ಹೈಫಾ
ನಾನು ಹನ್ನೊಂದು ವರ್ಷದಿಂದ ಇಸ್ರೇಲ್‌ನಲ್ಲಿ ಕೇರ್‌ಗಿವರ್ ಕೆಲಸ ಮಾಡ್ತಾ ಇದ್ದೇನೆ, ಊರು ಮಂಗ್ಳೂರು ಹತ್ರ. ಇಲ್ಲಿ ನಮ್ಮ ಕಡೆಯವ್ರು ತುಂಬ ಜನ ಉಂಟು ಈ ಕೆಲಸದಲ್ಲಿ. ಪುಸ್ತಕದ ಹೀಬ್ರೂ ನಂಗೆ ಗೊತ್ತಿಲ್ಲ, ಬಾಯಲ್ಲಿ ಆಡುವ ಹೀಬ್ರೂ ಗೊತ್ತು.
ನಾನು ನೋಡ್ಕೊಳ್ಳುವ ಅಜ್ಜಿಗೆ ಎಂಬತ್ತೊಂಬತ್ತು. ನಾನು ಅವ್ರನ್ನ ಸಾವ್ತಾ ಅಂತ ಕರೆಯುದು, ಹೀಬ್ರೂನಲ್ಲಿ ಅಜ್ಜಿ ಅಂತ. ಬೆಳಿಗ್ಗೆ ವೀಲ್‌ಚೇರಲ್ಲಿ ಹೊರಗೆ ಕರ್ಕೊಂಡು ಹೋದ್ರೆ ಹತ್ತು ಗಂಟೆ ಆಗುವಾಗ ಶುರು, ‘ಬೋಯಿ ಲತ್ಸೇಲ್, ಬೋಯಿ ಲತ್ಸೇಲ್’, ನೆರಳಿಗೆ ಬಾ ಮಗಳೇ ಅಂತ. ಅವ್ರಿಗೆ ಬಿಸಿಲು ತಾಗುದಲ್ಲ ಅವ್ರ ಚಿಂತೆ, ನಂಗೆ ತಾಗ್ತದೆ ಅಂತ. ರೇಡಿಯೋದಲ್ಲಿ ಇಷ್ಟು ಡಿಗ್ರಿ ‘ಬತ್ಸೇಲ್’ ಅಂತ ಹೇಳ್ತಾರೆ, ನೆರಳಲ್ಲೇ ಅಷ್ಟು ಸೆಕೆ ಅಂತ. ಅದನ್ನ ಕೇಳಿದ್ರೆ ಅವತ್ತು ನಾವು ಹೊರಗೆ ಹೋಗುದಿಲ್ಲ.
ಮೊದಲ ವರ್ಷ ಓದ್ಲಿಕ್ಕೆ ಕಲಿಯುವಾಗ ಒಂದು ಆಯ್ತು. ಇವ್ರ ಬರವಣಿಗೆಯಲ್ಲಿ ಸ್ವರ ಬರೆಯುದಿಲ್ಲ, ಬರೀ ವ್ಯಂಜನ. ತರಕಾರಿ ಅಂಗಡಿಯಲ್ಲಿ ಒಂದು ಬೋರ್ಡಲ್ಲಿ ಬೇತ್, ತ್ಸಾದಿ, ಲಾಮೆದ್ ಅಂತ ಮೂರು ಅಕ್ಷರ, ಕೆಳಗೆ ರೇಟು. ನಾನು ‘ಬತ್ಸೇಲ್’ ಅಂತ ಓದಿ, ನೆರಳಲ್ಲಿ ಇಟ್ಟದ್ದಕ್ಕೆ ಬೇರೆ ರೇಟಾ ಅಂತ ಅಂಗಡಿಯವನತ್ರ ಕೇಳಿದೆ. ಅವ ಒಂದು ಈರುಳ್ಳಿ ಎತ್ತಿ ನನ್ನ ಕೈಯಲ್ಲಿಟ್ಟ. ಈರುಳ್ಳಿಗೆ ‘ಬತ್ಸಾಲ್’. ಬರೆಯುದು ಎರಡೂ ಒಂದೇ ಥರ! ಅವತ್ತಿಂದ ಆ ಪದ ಮರ್ತು ಹೋಗ್ಲಿಲ್ಲ.

ತುಂಗೆ_ದಡ
ಅಕ್ಕಾ, ನೀವು ಬರೆದಿದ್ದು ಓದಿ ಖುಷಿಯಾಯ್ತು. ಅಲ್ಲಿ ದಿನಬಳಕೇಲಿ ನೆರಳು ಅನ್ನೋದು ಕೆಟ್ಟ ಅರ್ಥಕ್ಕೂ ಬರುತ್ತಾ?

ಕುಡ್ಲದಿಂದ_ಹೈಫಾ
ಬರ್ತದೆ. ‘ಬ್ಲಿ ತ್ಸೇಲ್ ಶೆಲ್ ಸಾಫೇಕ್’ ಅಂತ ಹೇಳ್ತಾರೆ, ಅನುಮಾನದ ನೆರಳೂ ಇಲ್ಲದೆ. ನ್ಯೂಸಲ್ಲಿ ‘ಬೆತ್ಸೇಲ್’ ಅಂತ ಶುರು ಮಾಡಿದ್ರೆ ಮುಂದೆ ಬರುದು ಹೆಚ್ಚಾಗಿ ಯುದ್ಧವೋ ಮುಷ್ಕರವೋ, ಇಂಥದ್ದರ ನಡುವೆ ಇಂಥದ್ದು ನಡೀತು ಅಂತ. ಮತ್ತೆ ಹುಡುಗಿಯರು ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣಕ್ಕೆ ‘ತ್ಸಲಲೀತ್’ ಅಂತಾರೆ. ಅದೇ ಪದ ದೀಪದ ಎದುರು ಕಾಣುವ ಕಪ್ಪು ಆಕಾರಕ್ಕೂ ಹೇಳ್ತಾರೆ.

ಕ್ಯಾಮೆರಾ_ಕಣ್ಣು
ನನಗೆ ಗೊತ್ತಿರೋದು ಒಂದು ಸೇರಿಸ್ತೀನಿ. ಹೀಬ್ರೂನಲ್ಲಿ ಫೋಟೋಗ್ರಾಫರ್‌ಗೆ ‘ತ್ಸಲಾಮ್’, ಕ್ಯಾಮೆರಾಗೆ ‘ಮತ್ಸ್ಲೇಮಾ’. ಅಂದ್ರೆ ನೆರಳು ಹಿಡಿಯೋನು, ನೆರಳು ಹಿಡಿಯೋ ಯಂತ್ರ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನ ತನ್ನ ‘ತ್ಸೆಲೆಮ್’ನಲ್ಲಿ ಮಾಡಿದ ಅಂತಾರಲ್ಲ, ಅದೂ ಅದೇ, ಮನುಷ್ಯ ದೇವರ ನೆರಳು. ನಮ್ಮಲ್ಲೂ ಛಾಯಾಚಿತ್ರ, ಛಾಯಾಗ್ರಾಹಕ ಅಂತೀವಲ್ಲ, ಎಷ್ಟು ಚೆಂದ ಹೊಂದುತ್ತೆ ನೋಡಿ.

ಪದದ_ಬೆನ್ನೇರಿ
ಕ್ಯಾಮೆರಾ_ಕಣ್ಣು ಅವ್ರೇ, ಛಾಯಾಚಿತ್ರದ ಹೋಲಿಕೆ ಮನಸ್ಸಿಗೆ ಹಿಡಿಸೋ ಹಾಗಿದೆ, ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ಆದ್ರೆ ತ್ಸೆಲೆಮ್‌ಗೂ ತ್ಸೇಲ್‌ಗೂ ಸಂಬಂಧ ಇಲ್ಲ. ಅದನ್ನ ತೋರಿಸೋಕೆ ಹೀಬ್ರೂ ಒಂದೇ ಸಾಲಲ್ಲ, ಅದರ ಅಕ್ಕತಂಗಿ ಭಾಷೆಗಳನ್ನ ಪಕ್ಕಕ್ಕೆ ಇಟ್ಕೋಬೇಕು.
ಹೀಬ್ರೂನ ‘ತ್ಸಾದಿ’ ಅಕ್ಷರ ಇದೆಯಲ್ಲ (ನಮ್ಮ ಹಳೇ ಬೈಬಲ್ ಅನುವಾದಕರು ಅದನ್ನ ‘ಚ’ ಅಂತ ಬರೆದ್ರು, ಚೀಯೋನ್, ಬೆಚಲೇಲ ಅಂತ ಬರೋದು ಅದಕ್ಕೇ), ಅದು ಮೂಲದಲ್ಲಿ ಬೇರೆ ಬೇರೆಯಾಗಿದ್ದ ಮೂರು ಸದ್ದುಗಳು ಬಂದು ಸೇರಿದ ಜಾಗ. ಹೀಬ್ರೂನಲ್ಲಿ ಎಲ್ಲಾ ಒಂದೇ ಆಗಿ ಹೋಯ್ತು. ಅರಮಾಯಿಕ್ ಮತ್ತೆ ಅರಬ್ಬಿಯಲ್ಲಿ ಆ ಸದ್ದುಗಳು ಬೇರೆಯಾಗೇ ಉಳಿದಿವೆ. ನೆರಳಿನ ಪದದ ಮೊದಲ ಸದ್ದು ಅರಬ್ಬಿಯಲ್ಲಿ ಒತ್ತಿ ಹೇಳೋ ಝ, ‘ಝಿಲ್ಲ್’. ಅರಮಾಯಿಕ್‌ನಲ್ಲಿ ಅದು ಒತ್ತಿ ಹೇಳೋ ತ.
ಈಗ ದಾನಿಯೇಲನ ಪುಸ್ತಕ ತೆಗೀರಿ. ಅದರ 2ನೇ ಅಧ್ಯಾಯದ 4ನೇ ವಚನದಿಂದ 7ನೇ ಅಧ್ಯಾಯದ ಕೊನೆವರೆಗೆ ಇರೋದು ಹೀಬ್ರೂ ಅಲ್ಲ, ಅರಮಾಯಿಕ್. 2ನೇ ಅಧ್ಯಾಯದಲ್ಲಿ ರಾಜನ ಕನಸಲ್ಲಿ ಬರೋ ದೊಡ್ಡ ಪ್ರತಿಮೆಗೆ ಇರೋ ಪದ ‘ತ್ಸೆಲೆಮ್’, ತ್ಸಾದಿ ಅಕ್ಷರದಲ್ಲೇ. 4ನೇ ಅಧ್ಯಾಯದಲ್ಲಿ ದೊಡ್ಡ ಮರದ ಕೆಳಗೆ ಕಾಡುಪ್ರಾಣಿಗಳು ನೆರಳು ಪಡೆದವು ಅನ್ನೋ ಜಾಗದಲ್ಲಿ ‘ತತ್ಲೇಲ್’, ಅದು ‘ತೇತ್’ ಅಕ್ಷರದಲ್ಲಿ. ಒಂದೇ ಪುಸ್ತಕ, ಒಂದೇ ಭಾಷೆ, ಪ್ರತಿಮೆಗೆ ಒಂದು ಅಕ್ಷರ, ನೆರಳಿಗೆ ಇನ್ನೊಂದು. ಎರಡೂ ಒಂದೇ ಬೇರಿಂದ ಬಂದಿದ್ರೆ ಹೀಗೆ ಆಗ್ತಿರ್ಲಿಲ್ಲ. ಇದನ್ನ ಮೊದಲ ಸಲ ನೋಡಿದ ದಿನ ನಾನು ರಾತ್ರಿ ಎರಡರ ತನಕ ಎದ್ದಿದ್ದೆ.
ತ್ಸೆಲೆಮ್ ಅಂದ್ರೆ ಪ್ರತಿಮೆ, ಕೆತ್ತಿದ ವಿಗ್ರಹ. ಹಳೇ ಮೆಸೊಪೊಟೇಮಿಯಾದ ಭಾಷೆ ಅಕ್ಕಾಡಿಯನ್‌ನಲ್ಲೂ ‘ಸಲ್ಮು’ ಅಂದ್ರೆ ಪ್ರತಿಮೆ. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆ ಅನ್ನೋ ಕಡೆ ಒಬ್ಬ ಆಳರಸನ ಕಲ್ಲಿನ ಪ್ರತಿಮೆ ಸಿಕ್ತು, ಮೈಮೇಲೆ ಅಕ್ಕಾಡಿಯನ್ ಮತ್ತು ಅರಮಾಯಿಕ್ ಎರಡರಲ್ಲೂ ಬರಹ ಇದೆ. ಆ ಪ್ರತಿಮೆ ತನ್ನನ್ನ ಅರಮಾಯಿಕ್‌ನಲ್ಲಿ ‘ತ್ಸೆಲೆಮ್’ ಅಂತಲೂ ‘ದೆಮೂತ್’ ಅಂತಲೂ ಕರ್ಕೊಳ್ಳುತ್ತೆ. ಆದಿಕಾಂಡ 1ರಲ್ಲಿ ಮನುಷ್ಯನ ಸೃಷ್ಟಿಯ ಮಾತಲ್ಲಿ ಬರೋ ಜೋಡಿ ಪದಗಳೂ ಇವೇ ಎರಡು. ಹಾಗಾಗಿ ಕ್ಯಾಮೆರಾದ ಮತ್ಸ್ಲೇಮಾ ನೆರಳು ಹಿಡಿಯೋ ಯಂತ್ರ ಅಲ್ಲ, ಪ್ರತಿರೂಪ ಮಾಡೋ ಯಂತ್ರ.
ಅಂದಹಾಗೆ ಅಕ್ಕನ ಈರುಳ್ಳಿಗೂ ಇದೇ ಪರೀಕ್ಷೆ. ಅರಮಾಯಿಕ್‌ನಲ್ಲಿ ಈರುಳ್ಳಿ ತ್ಸಾದಿಯಲ್ಲೇ ಉಳಿದಿದೆ, ಅರಬ್ಬಿಯಲ್ಲಿ ‘ಬಸಲ್’. ಹಾಗಾಗಿ ಅದಕ್ಕೂ ನೆರಳಿಗೂ ನಂಟಿಲ್ಲ.

ಕ್ಯಾಮೆರಾ_ಕಣ್ಣು
ಸರಿ ಸರ್, ಒಪ್ಪಿದೆ. ದಾನಿಯೇಲನ ಆ ಎರಡು ಜಾಗ ಹೇಳಿದ್ಮೇಲೆ ಮಾತಿಲ್ಲ. ಹತ್ತು ವರ್ಷದಿಂದ ಇದನ್ನ ಎಲ್ರಿಗೂ ಹೇಳ್ಕೊಂಡು ಬಂದಿದ್ದೆ, ಇನ್ನು ತಿದ್ಕೋತೀನಿ.

ಹಳಗನ್ನಡ_ಮೇಷ್ಟ್ರು
ಪದದ_ಬೆನ್ನೇರಿಯವರು ಹೇಳಿದ್ದನ್ನ ಕನ್ನಡದವರಿಗೆ ಹತ್ತಿರ ಮಾಡೋಕೆ ಒಂದು ಮಾತು. ನಮ್ಮ ನೆರಳಿಗೂ ಹಿಂಗೇ ಆಗಿದೆ. ಹಳಗನ್ನಡದಲ್ಲಿ ‘ನೆೞಲ್’ ಇತ್ತು, ಈಗ ಕನ್ನಡದಲ್ಲಿ ಇಲ್ಲವಾದ ಆ ೞಕಾರದ ಜೊತೆ. ಮುಂದೆ ‘ನೆಳಲು’ ಆಯ್ತು, ‘ನೆರಳು’ ಆಯ್ತು. ತಮಿಳು ಮಲಯಾಳಂನವರು ಆ ೞ ಸದ್ದನ್ನ ಇವತ್ತಿಗೂ ಉಳಿಸ್ಕೊಂಡು ‘ನಿೞಲ್’ ಅಂತಾರೆ, ತೆಲುಗಿನವರು ‘ನೀಡ’ ಅಂತಾರೆ. ಒಂದು ಸದ್ದು ಸತ್ತ ಮೇಲೆ ಒಂದೊಂದು ಮನೆಯಲ್ಲಿ ಒಂದೊಂದು ಗುರುತು ಬಿಟ್ಟು ಹೋಗುತ್ತೆ, ಆ ಗುರುತು ಹಿಡಿದು ಹೋದರೆ ಯಾರು ಯಾರಿಗೆ ನೆಂಟರು ಅಂತ ಸಿಗುತ್ತೆ. ಕ್ಲಾಸಿನಲ್ಲಿ ಮೂವತ್ತು ವರ್ಷ ಇದನ್ನೇ ಪಾಠ ಮಾಡಿದೀನಿ. ಅಷ್ಟು ದೂರದ ಭಾಷೆಯಲ್ಲೂ, ಅದೂ ಅದೇ ಅರ್ಥದ ಪದದಲ್ಲಿ, ಇದೇ ಕಥೆ ಅಂತ ಇವತ್ತು ಗೊತ್ತಾಗಿ ಮನಸ್ಸು ತುಂಬಿತು.

ಕಲಬುರ್ಗಿ_ಬಿಸಲು
ನಾ ಅರಬಿ ಓದಾಕ ಬರ್ದಾಕ ಬಲ್ಲೆ ನೋಡ್ರಿ, ಉರ್ದು ಮನ್ಯಾಗಿನ ಭಾಷಾ. ಅದಕ್ಕ ಈ ಝ ವಿಷಯದಾಗ ಎರಡು ಮಾತು ಹೇಳ್ತೀನಿ.
ಮಧ್ಯಾಹ್ನದ ನಮಾಜಿಗಿ ನಾವು ಝುಹರ್ ಅಂತೀವಿ. ಆ ಝ ಇದೇ ಝ. ಹೀಬ್ರೂದಾಗ ಮಧ್ಯಾಹ್ನಕ್ಕ ‘ತ್ಸೊಹೊರಾಯಿಮ್’ ಅಂತಾರ, ಅರಮಾಯಿಕ್‌ದಾಗ ‘ತೀಹ್ರಾ’ ಅಂತ ಆಗ್ತದ. ಝ, ತ್ಸ, ತ, ನೆರಳಿಗಿ ಹೆಂಗೋ ಮಧ್ಯಾಹ್ನಕ್ಕೂ ಹಂಗ. ಆ ನಮಾಜಿನ ಹೊತ್ತು ಗೊತ್ತು ಮಾಡೂದೂ ನೆರಳಿನ ಮ್ಯಾಲೇ ಅದ, ಸೂರ್ಯ ನೆತ್ತಿ ದಾಟಿ ನೆರಳು ಪೂರ್ವಕ್ಕ ಹೊಳ್ಳಿದ ಮ್ಯಾಲ ಝುಹರ್ ವ್ಯಾಳ್ಯಾ ಶುರು ಆಗ್ತದ.
ಬಾದಶಹಗೋಳಿಗಿ ‘ಝಿಲ್ಲೆ ಇಲಾಹಿ’ ಅಂತಿದ್ರು, ದೇವರ ನೆರಳು ಅಂತ. ಇದನ್ನ ಕೇಳಿ ನಮ್ಮ ಜಿಲ್ಲಾ ಅನ್ನೂ ಪದಾನೂ ಅದೇ ಇರ್ಬೇಕು ಅಂತ ಒಬ್ಬರು ನನ್ನ ಜೋಡಿ ವಾದ ಮಾಡಿದ್ರು. ಅಲ್ರಿ. ಜಿಲ್ಲಾ ಬಂದಿದ್ದು ‘ದಿಲಅ್’ ಅಂತ ಬ್ಯಾರೆ ಪದದಿಂದ, ಅದರ ಅರ್ಥ ಪಕ್ಕೆಲುಬು, ಬಾಜೂ. ಉರ್ದುದಾಗ ಎರಡೂ ಝ ಆಗ್ಯಾವ, ಅಷ್ಟ.
ಖರೇ ನೆಂಟಸ್ತನ ಇರೂದು ಇನ್ನೊಂದು ಕನ್ನಡ ಪದಕ್ಕ. ಜುಲುಮೆ. ಜುಲುಮೆ ಮಾಡ್ಬ್ಯಾಡ ಅಂತೀವಲ್ಲ, ಅದು ಅರಬಿ ‘ಝುಲ್ಮ್’. ಝ, ಲ, ಮ. ಕತ್ತಲಿಗಿ ‘ಝಲಾಮ್’, ‘ಝುಲ್ಮತ್’ ಅಂತಾರ, ಅವೇ ಮೂರು ಅಕ್ಷರ. ಅನ್ಯಾಯದ ಝುಲ್ಮ್, ಕತ್ತಲದ ಝುಲ್ಮತ್ ಎರಡೂ ಒಂದೇ ಬೇರಿನವೋ ಅಲ್ಲೋ ಅಂತ ಪಂಡಿತರು ಇನ್ನೂ ಜಗಳಾಡ್ತಾರ. ಆದ್ರ ಪ್ರವಾದಿಗಳ ಮಾತಿನ ಸಂಗ್ರಹ ಹದೀಸಿನಾಗ ಅವೆರಡನ್ನೂ ಕೂಡ್ಸಿ, ಜುಲುಮೆ ಅನ್ನೂದು ಕಡೇ ದಿನ ಕತ್ತಲಾಗಿ ಬರ್ತದ ಅಂತ ಹೇಳ್ಯಾರ. ನಿಮ್ಮ ತ್ಸಲ್ಮಾವೆತ್‌ದಾಗೂ ತ್ಸ, ಲ, ಮ ಅವ ಅಲ್ರೀ? ನನಗ ಅದು ನೆರಳಲ್ಲ, ಝುಲ್ಮತ್ ಅನಸ್ತದ.

ಪದದ_ಬೆನ್ನೇರಿ
ಕಲಬುರ್ಗಿಯವ್ರೇ, ನಾನು ಹೇಳ್ಬೇಕಂತಿದ್ದ ಜಾಗಕ್ಕೆ ನೀವೇ ಕರ್ಕೊಂಡು ಬಂದ್ರಿ! ಅದೇ ಈ ಚರ್ಚೆಯ ಮುಖ್ಯ ವಿಷಯ.
ತ್ಸಲ್ಮಾವೆತ್ ಹೀಬ್ರೂ ಬೈಬಲ್‌ನಲ್ಲಿ 18 ಸಲ ಬರುತ್ತೆ. ಅದ್ರಲ್ಲಿ 10 ಯೋಬನ ಪುಸ್ತಕ ಒಂದರಲ್ಲೇ. ಅಕ್ಷರಗಳು ತ್ಸಾದಿ, ಲಾಮೆದ್, ಮೆಮ್, ವಾವ್, ತಾವ್. ಅಕ್ಕ ಹೇಳಿದ ಹಾಗೆ ಸ್ವರ ಬರೀತಿರ್ಲಿಲ್ಲ. ಆ ಐದು ಅಕ್ಷರಾನ ‘ತ್ಸಲ್ಮಾವೆತ್’ ಅಂತ ಓದಿದ್ರೆ ತ್ಸೇಲ್ ಮತ್ತು ಮಾವೆತ್, ಸಾವಿನ ನೆರಳು. ಅದೇ ಅಕ್ಷರಾನ ‘ತ್ಸಲ್ಮೂತ್’ ಅಂತ ಓದಿದ್ರೆ ‘ಕತ್ತಲಾಗು’ ಅನ್ನೋ ಬೇರಿಂದ ಬಂದ ಒಂದೇ ಪದ, ಕಾರ್ಗತ್ತಲು. ಮಲ್ಕೂತ್ ಅಂದ್ರೆ ರಾಜ್ಯ, ಯಲ್ದೂತ್ ಅಂದ್ರೆ ಬಾಲ್ಯ, ಆ ಥರದ್ದೇ ಅಚ್ಚು. ಸಿರಿಯಾ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಿಂದ ಅಗೆದು ತೆಗೆದ ಉಗಾರಿತ್ ಭಾಷೆಯ ಮಣ್ಣಿನ ಹಲಗೆಗಳಲ್ಲಿ ‘ಝಲ್ಮತ್’ ಅಂತ ಕತ್ತಲೆಗೆ ಪದ ಸಿಕ್ತು. ಬೈಬಲ್ ಬರೆದವರ ನೆರೆಮನೆಯ ಭಾಷೆ ಅದು, ಕಾಲದಲ್ಲಿ ಅವರಿಗಿಂತ ಹಿಂದಿನದು.
ಬಳಕೆ ನೋಡಿದ್ರೂ ಕತ್ತಲೆ ಕಡೆಗೇ ವಾಲುತ್ತೆ. ಆಮೋಸ ಪ್ರವಾದಿಯ ಪುಸ್ತಕ 5:8ರಲ್ಲಿ ದೇವರು ತ್ಸಲ್ಮಾವೆತ್ ಅನ್ನ ಬೆಳಗು ಮಾಡ್ತಾನೆ. ಬೆಳಗಿಗೆ ಎದುರು ಕತ್ತಲೆ ತಾನೆ? ಯೋಬ 28ರಲ್ಲಿ ಗಣಿ ಕೆಲಸದವರು ನೆಲದೊಳಗಿನ ತ್ಸಲ್ಮಾವೆತ್‌ನಲ್ಲಿ ಕಲ್ಲು ಹುಡುಕ್ತಾರೆ, ಅಲ್ಲಿ ಸಾವಿನ ಮಾತೇ ಇಲ್ಲ, ಸುರಂಗದ ಕತ್ತಲು ಅಷ್ಟೇ. 11ನೇ ಶತಮಾನದ ದೊಡ್ಡ ಯೆಹೂದಿ ವ್ಯಾಖ್ಯಾನಕಾರ ರಾಶಿ ಕೂಡ 23ನೇ ಕೀರ್ತನೆಗೆ ಟಿಪ್ಪಣಿ ಬರೆಯೋವಾಗ ಈ ಪದಕ್ಕೆ ಕತ್ತಲೆ ಅಂತಲೇ ಅರ್ಥ ಕೊಟ್ಟ.
ಹಾಗಾದ್ರೆ ಮರಣದ ನೆರಳು ಅನ್ನೋದು ಬರೀ ತಪ್ಪಾ? ಅಷ್ಟು ಸುಲಭವಾಗಿ ಹಾಗನ್ನೋಕೆ ನನಗೆ ಮನಸ್ಸು ಬರಲ್ಲ. ಕ್ರಿಸ್ತನಿಗಿಂತ ಮುಂಚೆಯೇ ಗ್ರೀಕಿಗೆ ಅನುವಾದ ಮಾಡಿದ ಯೆಹೂದಿಗಳು ‘ಸ್ಕಿಯಾ ಥನಾತೂ’ ಅಂತ ಬರೆದ್ರು, ಸಾವಿನ ನೆರಳು. ಲ್ಯಾಟಿನ್‌ನಲ್ಲಿ ‘ಉಂಬ್ರ ಮೋರ್ತಿಸ್’ ಆಯ್ತು, 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದಕ್ಕೂ ಅದೇ ಬಂತು, ಅಲ್ಲಿಂದ ಲೋಕಕ್ಕೆಲ್ಲಾ. ಯೋಬ 38:17ರಲ್ಲಿ ಮರಣದ ಬಾಗಿಲುಗಳು ಅಂದ ತಕ್ಷಣ ಮುಂದಿನ ಮಾತಲ್ಲಿ ತ್ಸಲ್ಮಾವೆತ್‌ನ ಬಾಗಿಲುಗಳು ಅಂತ ಬರುತ್ತೆ, ಅಂದ್ರೆ ಆ ಕವಿಗೇ ಪದದೊಳಗಿನ ಮಾವೆತ್ ಕೇಳಿಸ್ತಿತ್ತು. ಇನ್ನು ಕೆಲವು ವಿದ್ವಾಂಸರು ಪದ ತ್ಸೇಲ್ ಮತ್ತು ಮಾವೆತ್ ಸೇರಿದ್ದೇ, ಆದ್ರೆ ಅಲ್ಲಿ ಮಾವೆತ್ ಬರೀ ‘ವಿಪರೀತ’ ಅನ್ನೋ ಅರ್ಥಕ್ಕೆ ಇದೆ ಅಂತಾರೆ. ನಾವು ‘ಸಾಯೋಷ್ಟು ಸುಸ್ತು’ ಅಂತೀವಲ್ಲ, ಹಾಗೆ.
ಇದೇ ಥರ ಇನ್ನೊಂದಿದೆ. ಅರೇಬಿಯಾದ ದಕ್ಷಿಣದ ಹದ್ರಮೌತ್ ಅನ್ನೋ ಸೀಮೆಯ ಹೆಸರು ಆದಿಕಾಂಡ 10ರಲ್ಲಿ ‘ಹತ್ಸರ್ಮಾವೆತ್’ ಅಂತ ಬರುತ್ತೆ. ಹೀಬ್ರೂ ಕಿವಿಗೆ ಅದು ‘ಸಾವಿನ ಅಂಗಳ’. ಹೊರಗಿನ ಹೆಸರಲ್ಲೂ ಆ ಜನಕ್ಕೆ ಮಾವೆತ್ ಕೇಳಿಸಿತ್ತು.

ಹಳಗನ್ನಡ_ಮೇಷ್ಟ್ರು
ಹಾಗಾದರೆ ನಮ್ಮ ಹಳೇ ಕನ್ನಡ ಅನುವಾದಕರು ‘ಕಾರ್ಗತ್ತಲು’ ಅಂತ ಹಾಕಿದ್ದು ಯೋಚನೆ ಮಾಡಿಯೇ. ಪದಾನೂ ಎಷ್ಟು ಚೆನ್ನಾಗಿ ಆರಿಸಿದ್ದಾರೆ. ಕಾರ್ ಅಂದರೆ ಕಪ್ಪು, ಕಾರ್ಮೋಡ ಕಾರಿರುಳು ಎಲ್ಲಾ ಅದರ ಬಳಗ. ಕಾರ್ಗತ್ತಲು ಅಂತ ಬಾಯಿಬಿಟ್ಟು ಹೇಳಿ ನೋಡಿ, ಆ ರ್ಗ ದಾಟಿ ತ್ತ ಮೇಲೆ ನಾಲಿಗೆ ನಿಲ್ಲುತ್ತೆ. ಕಣಿವೆ ದಾರಿಯಲ್ಲಿ ಒಂದು ಹೆಜ್ಜೆ ತಡೆದ ಹಾಗೆ.

ಕುಡ್ಲದಿಂದ_ಹೈಫಾ
ಇದೆಲ್ಲ ಓದುವಾಗ ನಂಗೆ ಸುಕ್ಕೋತ್ ಹಬ್ಬ ನೆನಪಾಯ್ತು. ಇಲ್ಲಿ ಮಳೆಗಾಲಕ್ಕೆ ಮೊದಲು ಏಳು ದಿನ ಮನೆ ಹೊರಗೆ, ಬಾಲ್ಕನಿಯಲ್ಲಿ, ಕಾರ್ ಪಾರ್ಕಿಂಗಲ್ಲಿ ಚಪ್ಪರ ಹಾಕ್ತಾರೆ. ಮೇಲೆ ಖರ್ಜೂರದ ಗರಿ ಹಾಸುದು, ಸಾಧಾರಣ ನಮ್ಮ ಮದುವೆ ಚಪ್ಪರಕ್ಕೆ ತೆಂಗಿನ ಮಡಲು ಹಾಕಿದ ಹಾಗೆ. ಮೊದಲ ಸಲ ಅದ್ರೊಳಗೆ ಕೂತಾಗ ಊರಿನ ಮನೆ ಅಂಗಳವೇ ಎದುರು ಬಂತು, ಕಣ್ಣೀರು ತಡಿಲಿಕ್ಕೆ ಆಗ್ಲಿಲ್ಲ. ಸಾವ್ತಾ ಮಧ್ಯಾಹ್ನ ಕೆಳಗೆ ನೆಲ ನೋಡ್ತಾರೆ, ಬಿಸಿಲಿನ ಚುಕ್ಕಿ ಜಾಸ್ತಿ ಉಂಟಾ ನೆರಳು ಜಾಸ್ತಿ ಉಂಟಾ ಅಂತ. ಬಿಸಿಲೇ ಜಾಸ್ತಿ ಇದ್ರೆ ಆ ಚಪ್ಪರ ನಡೆಯುದಿಲ್ಲ, ಇನ್ನೆರಡು ಗರಿ ಹಾಕು ಅಂತ ನಂಗೆ ಹೇಳ್ತಾರೆ. ಎಂತ ಲೆಕ್ಕವೋ ಗೊತ್ತಿಲ್ಲ.

ಪದದ_ಬೆನ್ನೇರಿ
ಅಕ್ಕಾ, ಅದು ಹಳೇ ಕಾನೂನು! ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟು ಮಾಡಿದ ಯೆಹೂದಿ ಕಾನೂನಿನ ಸಂಗ್ರಹ ಮಿಶ್ನಾದಲ್ಲಿ ಸುಕ್ಕಾ ಅನ್ನೋ ಭಾಗದ ಮೊದಲ ಪ್ಯಾರಾದಲ್ಲೇ ಇದೆ, ಬಿಸಿಲು ನೆರಳಿಗಿಂತ ಹೆಚ್ಚಿದ್ರೆ ಆ ಚಪ್ಪರ ಅನರ್ಹ ಅಂತ. ಸಾವ್ತಾ ನೆಲ ನೋಡಿ ಹೇಳೋದು ಅದನ್ನೇ. ಇನ್ನೊಂದು ಗೊತ್ತಾ, ಆ ಹಬ್ಬದ ಏಳನೇ ದಿನ ಹೋಶನಾ ರಬ್ಬಾ, ಅದರ ರಾತ್ರಿ ಬೆಳದಿಂಗಳಲ್ಲಿ ತಮ್ಮ ನೆರಳು ನೋಡ್ಕೊಳ್ಳೋ ರೂಢಿ ಹಿಂದೆ ಇತ್ತು. ತಲೆಯ ನೆರಳು ಕಾಣದಿದ್ರೆ ಆ ವರ್ಷ ಉಳಿಯಲ್ಲ ಅಂತ ನಂಬಿಕೆ. ಅದಕ್ಕೆ ಅವರು ಕೊಡ್ತಿದ್ದ ಆಧಾರ, ನಾನು ಮೇಲೆ ಹೇಳಿದ ಅರಣ್ಯಕಾಂಡದ ‘ಅವರ ತ್ಸೇಲ್ ಸರಿದು ಹೋಗಿದೆ’ ಅನ್ನೋ ಮಾತು. 16ನೇ ಶತಮಾನದಲ್ಲಿ ಪೋಲೆಂಡಿನ ರಬ್ಬಿ ಮೋಶೆ ಇಸ್ಸರ್ಲೆಸ್ ಇದನ್ನ ಬರೆದಿಟ್ಟು, ಅದರ ಗೊಡವೆಗೆ ಹೋಗದೆ ಇರೋದೇ ಮೇಲು ಅಂತಾನೂ ಬರೆದ. ಇಲ್ಲೂ ನೋಡಿ, ನೆರಳು ಇದ್ರೆ ಜೀವ, ಇಲ್ದಿದ್ರೆ ಭಯ.
ಹೆಸರುಗಳಲ್ಲೂ ಹಾಗೇ. ಬೆಚಲೇಲ ಅಂದ್ರೆ ‘ದೇವರ ನೆರಳಲ್ಲಿ’. ಮರುಭೂಮಿಯಲ್ಲಿ ದೇವದರ್ಶನದ ಗುಡಾರ ಕಟ್ಟಿದ ಕುಶಲಕರ್ಮಿ. ಯೆಹೂದಿ ಗುರುಗಳ ಚರ್ಚೆಗಳ ಗ್ರಂಥ ತಾಲ್ಮೂದ್‌ನಲ್ಲಿ ಒಂದು ಕಥೆ ಬರುತ್ತೆ, ಇಸ್ರೇಲರ ನಾಯಕ ಮೋಶೆ ಮೊದಲು ಪೆಟ್ಟಿಗೆ, ಪಾತ್ರೆ ಮಾಡು, ಆಮೇಲೆ ಗುಡಾರ ಅಂದನಂತೆ, ಇವನು ಮನೆ ಕಟ್ಟದೆ ಸಾಮಾನು ಎಲ್ಲಿ ಇಡ್ಲಿ ಅಂತ ಕೇಳಿದನಂತೆ. ಅದಕ್ಕೆ ಮೋಶೆ, ನೀನೇನು ದೇವರ ನೆರಳಲ್ಲೇ ನಿಂತಿದ್ಯಾ, ಅವನು ಹೇಳಿದ್ದು ಹಾಗೇ ಕೇಳಿಸ್ಕೊಂಡಿದೀಯಲ್ಲ ಅಂದನಂತೆ. ಜೆರುಸಲೇಮ್‌ನಲ್ಲಿ 1906ರಲ್ಲಿ ಶುರುವಾದ ಕಲಾಶಾಲೆಗೆ ಅವನದ್ದೇ ಹೆಸರು. ಕ್ರಿಸ್ತಪೂರ್ವ 700ರ ಆಸುಪಾಸಿನ ಅಸ್ಸೀರಿಯಾ ಶಾಸನಗಳಲ್ಲಿ ಗಾಜಾದ ಅರಸನ ಹೆಸರು ಸಿಲ್ಲಿ-ಬೇಲ್, ‘ಬೇಲ್ ದೇವರ ನೆರಳು’ ಅನ್ನೋ ಅದೇ ಜಾಡಿನ ಹೆಸರು. ಬೇರೆ ದೇವರು, ಬೇರೆ ಭಾಷೆ, ಆಸೆ ಮಾತ್ರ ಅದೇ.

ಕಲಬುರ್ಗಿ_ಬಿಸಲು
ನಮ್ಮಲ್ಲೂ ಸ್ವರ್ಗದ ವರ್ಣನಾದಾಗ ‘ಝಿಲ್ಲಿನ್ ಮಮ್ದೂದ್’ ಬರ್ತದರೀ, ಉದ್ದಕ ಹಾಸಿದ ನೆರಳು ಅಂತ. ನಮ್ಮೂರಾಗ ಮೇ ತಿಂಗಳದಾಗ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಒಂದು ಬೇವಿನ ಗಿಡ ಹುಡ್ಕಿದಾಂವಗ ಅದರ ಅರ್ಥ ಹೇಳೂದು ಬ್ಯಾಡ.

ತುಂಗೆ_ದಡ
ಎಲ್ರಿಗೂ ಕೈ ಮುಗೀತೀನಿ. ನಾನು ಕೇಳಿದ್ದು ಒಂದು ಸಾಲು, ನೀವು ಇಷ್ಟೆಲ್ಲಾ ಕೊಟ್ರಿ. ಹೈಫಾ ಅಕ್ಕಾ, ಒಂದು ಸಹಾಯ ಮಾಡ್ತೀರಾ? ನಿಮ್ಮ ಸಾವ್ತಾ ಅವ್ರನ್ನ ಕೇಳ್ತೀರಾ, 23ನೇ ಕೀರ್ತನೇಲಿ ಆ ಪದ ಬಂದಾಗ ಅವ್ರಿಗೆ ಏನು ಕೇಳಿಸುತ್ತೆ ಅಂತ? ಹುಟ್ಟಿದಾಗಿಂದ ಆ ಭಾಷೆ ಆಡಿದೋರ ಕಿವಿಗೆ ನೆರಳಾ, ಕತ್ತಲಾ?

ಕುಡ್ಲದಿಂದ_ಹೈಫಾ
ನಿನ್ನೆ ಶನಿವಾರ ಸಂಜೆ ಕೇಳಿದೆ. ಶಬ್ಬಾತ್, ಅಂದ್ರೆ ಇವ್ರ ವಾರದ ವಿಶ್ರಾಂತಿ ದಿನ, ಮುಗಿಯುವ ಹೊತ್ತಿಗೆ ಮೂರನೇ ಊಟಕ್ಕೆ ಕೂತು ಆ ಕೀರ್ತನೆಯನ್ನೇ ಹಾಡುದು ಇಲ್ಲಿ ರೂಢಿ, ದೀಪ ಹಾಕುದಿಲ್ಲ, ಕೋಣೆಯಲ್ಲಿ ನಿಧಾನ ಕತ್ತಲಾಗ್ತಾ ಬರ್ತದೆ. ಹಾಡಿ ಆದ ಮೇಲೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು. ಆಮೇಲೆ ಹೇಳಿದ್ರು, ಚಿಕ್ಕವಳಿದ್ದಾಗ ಬರೀ ಕತ್ತಲೆಯ ಕಣಿವೆ ಅಂತ ಅನಿಸ್ತಿತ್ತು, ಗಂಡನನ್ನ ಮಣ್ಣು ಮಾಡಿದ ದಿನದಿಂದ ಮಾವೆತ್ ಕೇಳಿಸ್ತದೆ ಅಂತ. ತ್ಸೇಲ್ ಕೇಳಿಸುದಿಲ್ವಾ ಅಂತ ಕೇಳಿದೆ. ಇಲ್ಲ, ತ್ಸೇಲ್ ಅಂದ್ರೆ ಅವ್ರು ಅಂಗಳದಲ್ಲಿ ನೆಟ್ಟ ಅಂಜೂರದ ಮರ ಅಂತ ಹೇಳಿ ಕಿಟಕಿ ಕಡೆ ಕೈ ತೋರಿಸಿದ್ರು.

ತುಂಗೆ_ದಡ
ಅಕ್ಕಾ, ನಿಮ್ಮ ಉತ್ತರ ಬರೋಕೆ ಮುಂಚೆನೇ ಇಲ್ಲಿ ತೀರ್ಮಾನ ಆಯ್ತು. ಶುಕ್ರವಾರ ರಾತ್ರಿ ಈ ಚರ್ಚೆ ಪೂರ್ತಿ ಗೆಳೆಯನ ಮನೇಲಿ ಓದಿ ಹೇಳಿದೆ, ಅವನ ಅಮ್ಮನೂ ಕೂತು ಕೇಳಿದ್ರು. ಅವ್ರು ಎದ್ದು ಹೋಗಿ ಯಜಮಾನ್ರ ಬೈಬಲ್ ತಂದ್ರು, ರಟ್ಟು ಬಿಟ್ಟು ಹೋಗಿದೆ, ಬಟ್ಟೆ ಟೇಪ್ ಹಾಕಿ ಅಂಟಿಸಿದಾರೆ. ‘ಕಾರ್ಗತ್ತಲಿನ’ ಕೆಳಗೆ ಪೆನ್ಸಿಲ್ ಗೀಟು ಇತ್ತು. ಅದನ್ನೇ ಕೆತ್ತಿಸ್ತಿದಾರೆ. ಕಲ್ಲಿನ ಬಲಗಡೆ ಜಾಗ ಉಳಿಯುತ್ತೆ ಅಂತ ಕೆತ್ತೋರು ಹೇಳಿದ್ರು, ಅಲ್ಲಿ ಬಲಗೈ ಪಕ್ಕದ ನೆರಳಿನ ಮಾತಿರೋ 121ನೇ ಕೀರ್ತನೆಯ ಸಂಖ್ಯೆ ಮಾತ್ರ ಹಾಕ್ಸೋಣ ಅಂತ ಅಮ್ಮ ಹೇಳಿದಾರೆ. ನಿನ್ನೆ ಬೆಳಿಗ್ಗೆ ಬರ್ದು ಕೊಟ್ಟು ಬಂದ್ವಿ.